ಲತೇಶನ ಮದುವೆಗೆ ಸಾಫ್ಟ್‌ವೇರ್ ಟೆಂಡರ್

ಮೂರು ಕೊಟೇಶನ್ ಕೈಗೆ ಬರದೆ ಭುಜಂಗ ಒಂದು ಸೂಜಿಯನ್ನೂ ಕೊಂಡವನಲ್ಲ. ನವಿ ಮುಂಬಯಿ ಮಹಾಪೆಯ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಕೂತೂ ಕೂತೂ ಅಂಟಿಕೊಂಡ ಕಾಯಿಲೆ ಅದು. ಡೊಂಬಿವಲಿಯ ಮನೆಗೆ ಒಂದು ಮಿಕ್ಸರ್ ಬೇಕೆಂದರೂ ಮೂರು ಅಂಗಡಿ, ಮೂರು ದರ, ಕೊನೆಗೊಂದು ಕಂಪೇರಿಟಿವ್ ಸ್ಟೇಟ್‌ಮೆಂಟ್. (ಹೆಂಡತಿ ಹರಿಣಾಕ್ಷಿಯನ್ನು ಮಾತ್ರ ಒಂದೇ ಕೊಟೇಶನ್ನಿನಲ್ಲಿ ಒಪ್ಪಿಕೊಂಡುಬಿಟ್ಟೆ ಎಂದು ಒಮ್ಮೆ ತಮಾಷೆ ಮಾಡಿ, ಆ ವಾರವಿಡೀ ಸ್ಟೇಷನ್ನಿನ ವಡಾಪಾವ್ ತಿಂದು ಬದುಕಿದ್ದ.)

ಇಂಥವನ ಮನೆಯಲ್ಲಿ, ೨೦೧೧ರ ಮಳೆಗಾಲದಲ್ಲಿ, ಹರಿಣಾಕ್ಷಿಯ ತಮ್ಮ ಲತೇಶನ ಏಳು ವರ್ಷ ಹಿಂದಿನ ಮದುವೆಯ ಡಿವಿಡಿ ಕೈಕೊಟ್ಟಿತು. ಹಾರ ಹಿಡಿದ ಲತೇಶನ ಕೈ ಮದುಮಗಳ ಕೊರಳ ಹತ್ತಿರ ಹೋಗಿ, ಅಲ್ಲೇ ಗಡಗಡ ನಡುಗುತ್ತಾ ನಿಂತುಬಿಟ್ಟಿತು.

"ಅಯ್ಯೋ ದೇವರೇ, ನನ್ನ ತಮ್ಮನ ಮದುವೆ ಮುಗಿಯುವುದೇ ಇಲ್ವಾ?" ಎಂದಳು ಹರಿಣಾಕ್ಷಿ.

"ಮುಗಿಯದಿದ್ದರೇ ಒಳ್ಳೆಯದು ಮಾರಾಯ್ತಿ. ಮುಗಿದರೆ ಊಟಕ್ಕೆ ಕೂರಬೇಕು, ಕೂತರೆ ಪಾಯಸ ಇಲ್ಲ," ಎಂದ ಭುಜಂಗ.

ಈ ಪಾಯಸದ ವಿಷಯ ಬಂದರೆ ಹರಿಣಾಕ್ಷಿಯ ಬಾಯಿ ಕಟ್ಟಿಹೋಗುತ್ತಿತ್ತು. ಅವಳ ಅಪ್ಪ ಹರಿಶ್ಚಂದ್ರಣ್ಣ ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ ಜೀವಮಾನವಿಡೀ ಹೋಟೆಲು ನಡೆಸಿದವರು. ಅವರ ಬೆಂಚಿನಿಂದ ಅರೆಹೊಟ್ಟೆಯಲ್ಲಿ ಎದ್ದವರಿಲ್ಲ. ಅಂಥವರ ಒಬ್ಬನೇ ಮಗನ ಮದುವೆಯಲ್ಲಿ, ಕಲ್ಯಾಣ್ ಊರಿನ ಮದುವೆ ಹಾಲ್‌ನಲ್ಲಿ, ಕೊನೆಯ ಪಂಕ್ತಿಗೆ ಪಾಯಸ ಸಾಲಲಿಲ್ಲ. ಆ ಪಂಕ್ತಿಯ ಮೊದಲನೆಯ ಎಲೆಯೇ ಅಳಿಯ ಭುಜಂಗನದು. "ಇನ್ನೊಂದು ಕೊಪ್ಪರಿಗೆ ಇತ್ತು, ನಾನೇ ಕಣ್ಣಾರೆ ನೋಡಿದ್ದೇನೆ" ಎಂದು ಮುದುಕರು ಅಂದು ಹಾಲ್ ತುಂಬ ಓಡಾಡಿದರು. ಕೊಪ್ಪರಿಗೆ ಸಿಗಲಿಲ್ಲ, ಅವರ ಮಾತನ್ನು ಯಾರೂ ನಂಬಲಿಲ್ಲ.

ಭುಜಂಗನಿಗೆ ಅದು ಬ್ರಹ್ಮಾಸ್ತ್ರವಾಯಿತು. ಸಾಂಬಾರಿಗೆ ಉಪ್ಪು ಹೆಚ್ಚಾದರೂ ಪಾಯಸ, ರಜೆಯಲ್ಲಿ ಯಾರ ಮನೆಗೆ ಹೋಗಬೇಕೆಂಬ ಜಗಳಕ್ಕೂ ಪಾಯಸ. ಹರಿಶ್ಚಂದ್ರಣ್ಣ ಮಗಳ ಮನೆಗೆ ಬರುವುದನ್ನೇ ಕಡಿಮೆ ಮಾಡಿದ್ದರು. ಬಂದರೂ ಅಳಿಯ ಬಾಯಿ ತೆರೆಯುವ ಮುಂಚೆಯೇ ತಲೆ ತಗ್ಗಿಸಿ ಪೇಪರ್ ಓದಲು ಶುರುಮಾಡುತ್ತಿದ್ದರು. ಹರಿಣಾಕ್ಷಿ ಡಿವಿಡಿಯನ್ನು ಹೊರಗೆ ತೆಗೆದು ಸೆರಗಿನಿಂದ ಒರೆಸಿದಳು.

"ಡಿವಿಡಿ ಹಾಳಾಗುವ ಮುಂಚೆ ಅದನ್ನು ಕಂಪ್ಯೂಟರಿಗೆ ಇಳಿಸಿ ಇಡಿ. ಅಪ್ಪ ನಗುವುದು ಈಗ ಅದರಲ್ಲಿ ಮಾತ್ರ ಕಾಣುವುದು," ಎಂದಳು.

ಕಾಲೇಜಿಗೆ ಹೋಗುವ ಮಗಳು ಅಶ್ಮಿತಾ ಮೊಬೈಲಿನಿಂದ ತಲೆ ಎತ್ತದೆ, "ಪಪ್ಪಾ, ಕೋಯೀ ಭೀ ಸಾಫ್ಟ್‌ವೇರ್ ಲೇ ಲೋ ನಾ. ಸಬ್ ಸೇಮ್ ಹೈ," ಎಂದಳು.

"ಸೇಮ್? ಯಾವುದಾದರೂ ಆಗುತ್ತದೆ, ಎಲ್ಲ ಸೇಮ್ ಅಂದವರಿಂದಲೇ ಕಂಪನಿಗಳು ಮುಳುಗುವುದು!" ಎಂದು ಭುಜಂಗ ಅಂದೇ ಟೆಂಡರ್ ಕರೆದ.

ಸಹೋದ್ಯೋಗಿಯೊಬ್ಬ ಮದುವೆ ಇಳಿಸಿಡಲು ಹಾರ್ಡ್‌ಡಿಸ್ಕ್ ತಂದುಕೊಡುತ್ತೇನೆಂದು ಸ್ಟೇಷನ್ನಿನಿಂದ ಫೋನ್ ಮಾಡಿದ. ಭುಜಂಗ ದಾರಿ ಹೇಳತೊಡಗಿದ. ಅವನಿಗೆ ದಾರಿ ಹೇಳಲು ಬಾಯಿಯಷ್ಟೇ ಸಾಲದು, ಕೈಯೂ ಬೇಕು. "ಬ್ರಿಜ್ ಇಳಿದು ಬಲಕ್ಕೆ..." ಎಂದು ಬಲಗೈ ಬೀಸಿದ್ದೇ ತಡ, ಚಹಾದ ಲೋಟ ಉರುಳಿ ಕೀಬೋರ್ಡಿಗೆ ಅಭಿಷೇಕವಾಯಿತು.

"ನಿಮ್ಮ ಕೈ ಎಂತ ಅವರಿಗೆ ಫೋನಿನಲ್ಲಿ ಕಾಣುತ್ತದಾ?" ಎಂದು ಹರಿಣಾಕ್ಷಿ ಬಟ್ಟೆ ತಂದಳು. ಈ ಪ್ರಶ್ನೆ ಅವಳು ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ.

ಎಲ್ಲ ಸಾಫ್ಟ್‌ವೇರುಗಳಿಗೂ ಒಂದೇ ಪ್ರಶ್ನೆಪತ್ರಿಕೆ ಎಂಬುದು ಭುಜಂಗನ ನ್ಯಾಯ. ಡಿವಿಡಿಯಿಂದ ಅರ್ಧ ನಿಮಿಷದ ಒಂದು ತುಣುಕು ಆರಿಸಿದ. ಊಟದ ಹಾಲಿನ ಬಾಗಿಲಲ್ಲಿ ಹರಿಶ್ಚಂದ್ರಣ್ಣ ಕೈಮುಗಿದು ನಿಂತಿದ್ದಾರೆ, ಪಕ್ಕದಲ್ಲಿ ಹರಿಣಾಕ್ಷಿ ಜರಿ ಸೀರೆಯಲ್ಲಿ ಹೊಳೆಯುತ್ತಿದ್ದಾಳೆ, ಜನ ಬರುತ್ತಾ ಹೋಗುತ್ತಾ ಇದ್ದಾರೆ.

ಮೊದಲನೆಯದು ಪುಕ್ಕಟೆ. ಆದರೆ ಅದು ಮಾವನವರ ಹಣೆಯ ಮೇಲೆ ಅಡ್ಡಡ್ಡವಾಗಿ 'ಟ್ರಯಲ್ ವರ್ಷನ್' ಎಂದು ಮುದ್ರೆ ಒತ್ತಿತು. "ನನ್ನ ಅಪ್ಪ ಟ್ರಯಲ್ಲಾ? ತೆಗೀರಿ ಅದನ್ನು," ಎಂದಳು ಹರಿಣಾಕ್ಷಿ. ಎರಡನೆಯದರಲ್ಲಿ ಚಿತ್ರ ಮುಂದೆ, ಧ್ವನಿ ಹಿಂದೆ. ಅತಿಥಿ ಒಳಗೆ ಹೋಗಿ, ಉಂಡು, ಕೈತೊಳೆದು ಹೊರಟ ಮೇಲೆ ಮಾವ "ಬನ್ನಿ ಬನ್ನಿ" ಎನ್ನುತ್ತಿದ್ದರು.

ಮೂರನೆಯದು ಚಿತ್ರದ ಎರಡೂ ಬದಿ ಕತ್ತರಿಸಿ, ಉಳಿದದ್ದನ್ನು ಒತ್ತಿ ಹಿಂಡಿ ಉದ್ದ ಮಾಡಿತು. ಹರಿಣಾಕ್ಷಿ ಒಲೆ ಆರಿಸಿ ಬಂದು ಪರದೆಯ ಮುಂದೆ ನಿಂತಳು.

"ಇದೇ ಇರಲಿ," ಎಂದಳು.

"ಇದರಲ್ಲಿ ಎಲ್ಲರೂ ಬಿದಿರುಕಡ್ಡಿ ಆಗಿದ್ದಾರೆ ಮಾರಾಯ್ತಿ!"

"ಎಲ್ಲರ ವಿಷಯ ಬಿಡಿ. ನಾನು ಸರಿಯಾಗಿ ಕಾಣ್ತೇನೆ. ಆಗ ನಾನು ಇದ್ದದ್ದೇ ಹೀಗೆ. ಆ ಡಿವಿಡಿಯವನೇ ನನ್ನನ್ನು ತೋರ ಮಾಡಿದ್ದು."

"ಅಂಚು ಕತ್ತರಿಸುತ್ತದೆ ಇದು. ಖರೀದಿಯಲ್ಲಿ ಮಾಲು ಪೂರ್ತಿ ಬರಬೇಕು, ಗೊತ್ತುಂಟಾ? ನಮ್ಮ ಹಳೇ ಟಿವಿಯೂ ಕಳ್ಳ, ನಾಲ್ಕೂ ಬದಿ ಸ್ವಲ್ಪ ಸ್ವಲ್ಪ ನುಂಗುತ್ತದೆ. ಏಳು ವರ್ಷದಿಂದ ನಾವು ಈ ಮದುವೆಯನ್ನು ಪೂರ್ತಿ ನೋಡಿಯೇ ಇಲ್ಲ!"

"ನೀವೊಬ್ಬರು. ಅಂಚಿನಲ್ಲಿ ಎಂತ ಉಂಟು ನೋಡಲಿಕ್ಕೆ?"

ಭುಜಂಗ ಜಗ್ಗಲಿಲ್ಲ. ಇಂಟರ್ನೆಟ್ಟಿನ ಮೂಲೆಮೂಲೆ ಜಾಲಾಡಿ ನಾಲ್ಕನೆಯದನ್ನು ತಂದ. ಅದು ನಿಧಾನಕ್ಕೆ ಹೆಸರಾದದ್ದು, ಒಂದು ಮದುವೆ ಇಳಿಸಲು ಮದುವೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಆದರೆ ಒಂದು ನೂಲಿನಷ್ಟು ಅಂಚನ್ನೂ ಬಿಡಲಿಲ್ಲ. ಸೀರೆಯ ಜರಿ ಎಳೆ ಎಳೆಯಾಗಿ ಕಂಡಿತು. ಟೆಂಡರ್ ಅದಕ್ಕೇ ಸಂದಿತು. ಪೂರ್ತಿ ಮದುವೆಯ ಲೋಕಾರ್ಪಣೆ ಭಾನುವಾರ, ಮುಖ್ಯ ಅತಿಥಿ ಹರಿಶ್ಚಂದ್ರಣ್ಣ ಎಂದು ಭುಜಂಗ ಘೋಷಿಸಿದ.

ಮುದುಕರು ವಿಠ್ಠಲವಾಡಿಯಿಂದ ಬಂದರು. ಅಪ್ಪ ಬರುತ್ತಾರೆಂದು ಹರಿಣಾಕ್ಷಿ ಕಡ್ಲೆಬೇಳೆ ಪಾಯಸ ಮಾಡಿದ್ದಳು. ಮೂಗಿಗೆ ವಾಸನೆ ಬಡಿದದ್ದೇ ಭುಜಂಗ, "ಮಾವ, ಇವತ್ತು ಕೊನೆಯ ಪಂಕ್ತಿಗೂ ಸಿಗಬಹುದು ಅಂತ ಕಾಣುತ್ತದೆ," ಎಂದ. ಹರಿಶ್ಚಂದ್ರಣ್ಣ ಪೇಪರ್ ಕೈಗೆತ್ತಿಕೊಂಡರು.

ಕಂಪ್ಯೂಟರಿನ ಪರದೆಯಲ್ಲಿ ಮದುವೆ ಶುರುವಾಯಿತು. ಹಾರ ನಡುಗದೆ ಕೊರಳು ಸೇರಿತು. ಊಟದ ಹಾಲಿನ ಬಾಗಿಲು ಬಂತು, ಪರೀಕ್ಷೆಯ ತುಣುಕೂ ದಾಟಿತು. ಪರದೆಯ ಎಡ ಅಂಚಿನಲ್ಲಿ, ಮೆಟ್ಟಿಲಿನ ಹತ್ತಿರ, ತಲೆತುಂಬ ಕೂದಲಿದ್ದ ಒಬ್ಬಾತ ಹೊಸ ಮೊಬೈಲ್ ಕಿವಿಗೊತ್ತಿ ನಿಂತಿದ್ದ.

"ಅರೆ, ನಾನು!" ಭುಜಂಗ ಕುರ್ಚಿಯಿಂದ ಎದ್ದೇಬಿಟ್ಟ. "ನೋಡಿದೆಯಾ? ಟಿವಿ ನುಂಗಿದ್ದ ನನ್ನನ್ನು ನನ್ನ ಸಾಫ್ಟ್‌ವೇರ್ ಕಕ್ಕಿಸಿತು! ಬೇಲಾಪುರದಿಂದ ನಮ್ಮ ಸಾಹೇಬರು ಬರ್ತಾ ಇದ್ದರು, ಅವರಿಗೆ ದಾರಿ ಹೇಳುತ್ತಿದ್ದೆ."

ಪರದೆಯ ಭುಜಂಗ ದಾರಿ ಹೇಳುತ್ತಿದ್ದ. ಕೈ ಆಡುತ್ತಿತ್ತು. ಅಷ್ಟರಲ್ಲಿ ಕೇಟರಿಂಗಿನ ಇಬ್ಬರು ಆಳುಗಳು ಒಂದು ದೊಡ್ಡ ಕೊಪ್ಪರಿಗೆ ಹೊತ್ತು ಬಂದು, ಎತ್ತ ಹೋಗಬೇಕೆಂದು ತಿಳಿಯದೆ, ಅವನ ಮುಂದೆಯೇ ನಿಂತರು. ಒಬ್ಬ ಏನೋ ಕೇಳಿದ. ಭುಜಂಗ ಫೋನಿನಲ್ಲಿ ಮಾತಾಡುತ್ತಲೇ ಬಲಕ್ಕೆ ಕೈ ಬೀಸಿದ. ಮತ್ತೆ ಬೆರಳನ್ನು ಮೇಲೆತ್ತಿ, ಮೇಲೆ, ಇನ್ನೂ ಮೇಲೆ ಎಂದು ತೋರಿಸಿದ. ಆಳುಗಳು ತಲೆಯಾಡಿಸಿ, ಕೊಪ್ಪರಿಗೆಯೊಂದಿಗೆ ಬಲಕ್ಕೆ ತಿರುಗಿ, ಮೆಟ್ಟಿಲು ಹತ್ತಿ ಹೋದರು.

ಅಶ್ಮಿತಾ ಮೊಬೈಲ್ ಬದಿಗಿಟ್ಟು ಮೌಸ್ ಹಿಡಿದಳು.

"ಪಪ್ಪಾ, ವನ್ಸ್ ಮೋರ್," ಎಂದು ಅಶ್ಮಿತಾ ಹಿಂದಕ್ಕೆ ಓಡಿಸಿದಳು. ಕೊಪ್ಪರಿಗೆ ಇಳಿಯಿತು, ಮತ್ತೆ ಹತ್ತಿತು.

"ಮೇಲಿನ ಹಾಲಿನಲ್ಲಿ ಅವತ್ತು ಮರಾಠಿಯವರ ಮದುವೆ," ಎಂದರು ಹರಿಶ್ಚಂದ್ರಣ್ಣ ನಿಧಾನವಾಗಿ. "ಕೇಟರಿಂಗ್ ಇಬ್ಬರಿಗೂ ಒಬ್ಬನದೇ." ಅವರ ಕೈಯಿಂದ ಪೇಪರ್ ಜಾರಿತು. "ಅದಕ್ಕೇ! ಅವರ ಹುಡುಗಿಯ ಅಪ್ಪ ಕೆಳಗೆ ಇಳಿದು ಬಂದು ನನ್ನ ಕೈ ಕುಲುಕಿ, 'ಶೇಟ್, ಖೀರ್ ಫಾರ್ ಛಾನ್ ಹೋತೀ' ಅಂದ, ಪಾಯಸ ಭಾರೀ ಚೆನ್ನಾಗಿತ್ತಂತೆ. ಪಾಪ, ಮನುಷ್ಯನಿಗೆ ವಾಸನೆಯಲ್ಲೇ ಹೊಟ್ಟೆ ತುಂಬಿರಬೇಕು ಅಂತ ನಾನು ತಿಳಿದುಕೊಂಡೆ!"

ಹೇಳುತ್ತಾ ಹೇಳುತ್ತಾ ಮುದುಕರು ನಗತೊಡಗಿದರು. ಡಿವಿಡಿಯಲ್ಲಿ ಮಾತ್ರ ಉಳಿದಿದ್ದ ಆ ನಗು ಈಗ ಸೋಫಾದ ಮೇಲೆ ಕುಲುಕುಲು ಕುಲುಕುತ್ತಿತ್ತು. "ನನ್ನ ಅಂದಾಜು ತಪ್ಪಿರಲಿಲ್ಲ ಮಗಾ, ತಪ್ಪಿರಲಿಲ್ಲ," ಎಂದು ಕಣ್ಣೊರೆಸಿಕೊಂಡರು. ಹರಿಣಾಕ್ಷಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಪ್ಪನ ಹೆಗಲು ಹಿಡಿದು ಕೂತುಬಿಟ್ಟಳು.

ಎದ್ದು ನಿಂತಿದ್ದ ಭುಜಂಗ ಮೆಲ್ಲಗೆ ಕುರ್ಚಿಗೆ ಇಳಿದ. "ನೋಡು ಹರಿಣಾಕ್ಷಿ, ಯೋಚನೆ ಮಾಡಿದರೆ ಆ ಮೂರನೆಯ ಸಾಫ್ಟ್‌ವೇರೇ ವಾಸಿ. ಈ ಅಂಚಿನಲ್ಲಿ ಎಂತ ಉಂಟು ಹೇಳು, ಸುಮ್ಮನೆ ಜಾಗ ದಂಡ. ಅದರಲ್ಲಿ ನೀನೂ ಎಷ್ಟು ಸಪೂರ ಕಾಣ್ತಿ..."

"ತೋರ ಕಂಡರೆ ಕಾಣಲಿ!" ಹರಿಣಾಕ್ಷಿ ಎದ್ದು ನಿಂತಳು. "ಇದೇ ಇರಬೇಕು, ಇದೇ ಕ್ವಾಲಿಟಿ. ಒಂದು ನೂಲು ಅಂಚು ಕಡಿಮೆಯಾಗಬಾರದು. ಅಶ್ಮಿತಾ, ಲತೇಶ ಮಾವನಿಗೆ ಒಂದು ಕಾಪಿ. ಊರಿನ ದೊಡ್ಡಮ್ಮನಿಗೆ ಒಂದು. ಪಪ್ಪನ ಆಫೀಸಿನವರಿಗೂ ಒಂದು."

"ಆಫೀಸಿಗೆ ಯಾಕೆ?"

"ಮಾಲು ಪೂರ್ತಿ ಬರಬೇಕು ಅಂದವರು ನೀವೇ ಅಲ್ವಾ?"

ಊಟಕ್ಕೆ ಕೂತರು. ಹರಿಣಾಕ್ಷಿ ಅಪ್ಪನಿಗೆ ಎರಡು ಸೌಟು ಪಾಯಸ ಬಡಿಸಿದಳು, ಮಗಳಿಗೆ ಎರಡು ಸೌಟು. ಭುಜಂಗ ಆದಷ್ಟು ವಿನಯದಿಂದ ತನ್ನ ಬಟ್ಟಲು ಮುಂದೆ ಹಿಡಿದ. ಹರಿಣಾಕ್ಷಿ ಸೌಟನ್ನು ಪಾತ್ರೆಯಲ್ಲಿಟ್ಟು, ಒಂದು ಕೈ ಕಿವಿಗೊತ್ತಿ, ಇನ್ನೊಂದು ಕೈಯನ್ನು ಬಲಕ್ಕೆ ಬೀಸಿ, ಬೆರಳನ್ನು ಮೇಲೆ, ಇನ್ನೂ ಮೇಲೆ ಎತ್ತಿ ತೋರಿಸಿದಳು. ನಿಜಕ್ಕೂ ಉಳಿದ ಪಾಯಸವನ್ನೆಲ್ಲ ಆಗಲೇ ತಮ್ಮ ಕಟ್ಟಡದ ಮೇಲಿನ ಮಹಡಿಯ ಮರಾಠಿಯವರ ಮನೆಗೆ ಕಳಿಸಿ ಆಗಿತ್ತು.