ಮೊಲದ ಬಾಣಂತನ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಬಿಳಿ ಸೀಮೆ ಮೊಲ ಸಾಕಿದ ಮೊಟ್ಟಮೊದಲ ಗಂಡಸು ನಾನು! ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಎಂದಿಟ್ಟುಕೊಳ್ಳಿ, ತಪ್ಪೇನು? "ಈ ಸಲ ಮಧುಗಿರಿಯ ವಸ್ತುಪ್ರದರ್ಶನಕ್ಕೆ ತಾಯಿ ಮೊಲವನ್ನು ಏಳು ಮರಿ ಸಮೇತ ಒಯ್ದು ಮೊದಲ ಬಹುಮಾನ ತರದಿದ್ದರೆ, ಹೊಳವನಹಳ್ಳಿ ಹೆಡ್‌ಮೇಷ್ಟ್ರು ನಂದೀಶ್ವರಯ್ಯ ತನ್ನ ಪೇಟ ತೆಗೆದು ಮೂಲೆಗೆಸೆಯುತ್ತಾನೆ!" ಎಂದು ಸ್ಕೂಲಿನ ಜಗಲಿಯ ಮೇಲೆ ನಿಂತು ಶಪಥ ಮಾಡಿದೆ. ಆಗ ಮೊಲಕ್ಕಿನ್ನೂ ಬಸಿರೇ ನಿಂತಿರಲಿಲ್ಲ. ಏಳು ಎಂಬ ಲೆಕ್ಕ ನನ್ನದೇ.

ವರ್ಗವಾಗಿ ಹೋದ ಇಂಜಿನಿಯರೊಬ್ಬರು ಒಂದು ಜೋಡಿ ಮೊಲವನ್ನೂ ಮೊಲ ಸಾಕುವ ವಿಧಾನದ ಒಂದು ಪುಸ್ತಿಕೆಯನ್ನೂ ನನ್ನ ತಲೆಗೆ ಕಟ್ಟಿದ್ದರು. ಸಿದ್ದರಬೆಟ್ಟದ ತಪ್ಪಲಲ್ಲಿ ಕುರಿ, ಮೇಕೆ ಮೇಯಿಸುವ ಕಾಟಪ್ಪ ದಿನಾ ಹಸಿ ಹುಲ್ಲು ತಂದುಹಾಕಲು ಒಪ್ಪಿದ. ಮೊದಲ ದಿನವೇ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಲಗಳನ್ನು ಕಣ್ಣಲ್ಲೇ ತೂಗಿದ.

"ಸಾರಿಗೆ ಹಾಕೋದು ಯಾವತ್ತು ಮೇಷ್ಟ್ರೇ?"

"ಶಿವ ಶಿವಾ! ಲಿಂಗ ಕಟ್ಟಿದವರ ಮನೆ ಕಣಯ್ಯ ಇದು!"

"ಅಂಗಾದ್ರೆ ಯಾಕ್ ಸಾಕೀರಿ?"

"ಜ್ಞಾನಕ್ಕೆ!"

"ಅದ್ನ ಎಂಗ್ ತಿಂತಾರೆ ಬುದ್ಧಿ?"

ಇಂಥವರ ನಡುವೆ ನಾನು ವಿದ್ಯೆ ಹರಡಬೇಕು!

ಅದೇ ಹೊತ್ತಿಗೆ ನನ್ನ ಮಗಳು ಸರ್ವಮಂಗಳಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸೋಮವಾರ ಅವಳಿಗೆ ಗಂಡು ಮಗುವಾಯಿತು. ಗುರುವಾರ ಮೊಲ ತನ್ನ ಎದೆಯ ತುಪ್ಪಳವನ್ನೇ ಕಿತ್ತು ಹಾಸಿ ಮರಿ ಹಾಕಿತು. ಎಣಿಸಿದೆ. ಏಳು! ಪೇಟ ಉಳಿಯಿತು ಎಂದುಕೊಂಡೆ. ಒಂದೇ ಮನೆಯಲ್ಲಿ ಇಬ್ಬರು ಬಾಣಂತಿಯರು! ಮಗಳ ಬಾಣಂತನ ನಮ್ಮ ಅವ್ವ ಗಂಗಲಕ್ಷ್ಮಮ್ಮನದು. ಮೊಲದ್ದು ನನ್ನದು.

ಅವ್ವನ ಕಾನೂನು ಕಡಕ್ಕು. ಬಾಣಂತಿಗೆ ಎರಡು ಹೊತ್ತು ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ತರಕಾರಿ ಥಂಡಿ, ಸೊಪ್ಪು ತಿಂದರೆ ಕೂಸಿಗೆ ಭೇದಿ, ಹಾಲು ಕಫ. ನೀರು ದಿನಕ್ಕೆ ಅರ್ಧ ಚೊಂಬು, ಅದೂ ಕಾಸಿದ್ದು. "ಜಾಸ್ತಿ ನೀರು ಕುಡುದ್ರೆ ಮೈ ಬಾತ್ಕತದೆ. ನಾನು ಆರು ಹೆತ್ತಿದೀನಿ ಕಣಮ್ಮ, ನಂಗ್ ಹೇಳಕ್ ಬರ್ಬ್ಯಾಡ" ಎಂದರೆ ಮುಗಿಯಿತು. ನನ್ನ ಹೆಂಡತಿ ಜಗದಾಂಬ ಕೂಡ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ನನ್ನ ಪುಸ್ತಿಕೆಯ ಕಾನೂನೇ ಬೇರೆ. ಹನ್ನೊಂದನೇ ಪುಟದಲ್ಲಿ ಹೀಗಿತ್ತು: "ಹಾಲೂಡಿಸುವ ತಾಯಿಗೆ ಮೇವನ್ನು ಇಮ್ಮಡಿ ಕೊಡತಕ್ಕದ್ದು. ನೀರಿನ ಬಟ್ಟಲು ಎಂದಿಗೂ ಬರಿದಾಗಕೂಡದು. ತಾಯಿ ಹಸಿದರೆ ಮರಿ ಸೊರಗುವುದು." ಇದನ್ನು ದಿನಾ ಬೆಳಗ್ಗೆ ಹಿತ್ತಲ ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಓದುತ್ತಿದ್ದೆ. ಮನೆಯವರಿಗೂ ನಾಲ್ಕಕ್ಷರ ತಿಳಿಯಲಿ ಎಂದು!

ಓದಿದಂತೆ ನಡೆದೆ. ತಾಯಿಗೆ ದಂಟಿನ ಸೊಪ್ಪು, ಗರಿಕೆ, ತೌಡು, ನೆನೆಸಿದ ಕಡಲೆ, ಗಜ್ಜರಿ, ಎಳೆ ಸೌತೆಕಾಯಿ, ಹಾಲಿನಲ್ಲಿ ನೆನೆಸಿದ ರೊಟ್ಟಿ. ಹಸಿ ಸೊಪ್ಪನ್ನು ಕಿತ್ತ ಹಾಗೇ ಕೊಟ್ಟರೆ ಮೊಲಕ್ಕೆ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೆ ಎಲ್ಲವನ್ನೂ ಮೊರದಲ್ಲಿ ಹರಡಿ ಜಗಲಿಯ ನೆರಳಲ್ಲಿ ಎರಡು ಗಂಟೆ ಬಾಡಲು ಬಿಡುತ್ತಿದ್ದೆ. ಬಾಣಂತಿ ಕೋಣೆಯ ಕಿಟಕಿ ಅದೇ ಜಗಲಿಗೆ ತೆರೆಯುತ್ತಿತ್ತು.

"ಅಪ್ಪಾಜಿ, ಒಂದು ಲೋಟ ನೀರು ಕೊಡ್ತೀರಾ?" ಎಂದು ಒಳಗಿನಿಂದ ಮಗಳು ಕೂಗುತ್ತಿದ್ದಳು.

"ಅಜ್ಜೀನ ಕೇಳಮ್ಮ! ನಾನೀಗ ಮೊಲಕ್ಕೆ ನೀರಿಡಬೇಕು!"

ಮೂರನೇ ವಾರಕ್ಕೆ ಮರಿಗಳು ಕಣ್ಣು ಪಿಳಿಪಿಳಿ ಬಿಡುತ್ತ ಗೂಡಿನಿಂದ ಹೊರಬಂದವು. ಈಗ ಅವಕ್ಕೂ ಒಂದೊಂದು ಎಳೆ ಸೊಪ್ಪು, ಚಿಟಿಕೆ ಹಾಲುರೊಟ್ಟಿ, ದಿನಕ್ಕೆ ನಾಲ್ಕು ಸಲ. ಪ್ರತಿ ಶುಕ್ರವಾರ ಅಡಿಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆದಿಡುತ್ತಿದ್ದೆ. ಆ ಶುಕ್ರವಾರ ತೂಗಿದರೆ, ಅನ್ಯಾಯ! ಏಳರಲ್ಲಿ ಐದು ಮರಿ ಹಿಂದಿನ ವಾರಕ್ಕಿಂತ ಹಗುರ! ತಾಯಿಯ ಬೆನ್ನು ಸವರಿದರೆ ಮೂಳೆ ಕೈಗೆ ಹತ್ತುತ್ತಿತ್ತು. ಮೊರ ನೋಡಿದೆ. ಸೊಪ್ಪು ಇದ್ದ ಹಾಗೇ ಇದೆ, ತೌಡು ಇದೆ, ಗರಿಕೆ ಇದೆ. ಗಜ್ಜರಿ ಇಲ್ಲ, ಸೌತೆಕಾಯಿ ಇಲ್ಲ, ಕಡಲೆ ಇಲ್ಲ, ಹಾಲುರೊಟ್ಟಿಯ ಬಟ್ಟಲು ನೆಕ್ಕಿದಷ್ಟು ಚೊಕ್ಕಟ!

"ಜಗದಾಂಬಾ! ಬಾಣಂತಿಯ ಬಾಯಿಂದ ಕಿತ್ತು ತಿನ್ನೋನು ಮನುಷ್ಯನಾ? ಕಟುಕ ಕಣೇ ಅವನು, ಕಟುಕ!"

"ಹೋಗ್ಲಿ ಬಿಡ್ರಿ. ಇಲ್ಲಿ ನೋಡಿ, ಕೂಸು ಹೆಂಗೆ ತುಂಬ್ಕೊಂಡಿದೆ! ಮೊದಲನೇ ವಾರ ಹಾಲು ಸಾಲದೆ ಎಷ್ಟು ಅತ್ತಿತ್ತು ಪಾಪ."

"ಕೂಸಿನ ಮಾತು ಆಮೇಲೆ! ಮೊದಲು ಕಳ್ಳನ ಮಾತು!"

"ಕೂಸು ತುಂಬ್ಕಂಡಿರದು ನನ್ ಪಥ್ಯದಿಂದ!" ಎಂದು ಅವ್ವ ಒಳಗಿನಿಂದಲೇ ಪದಕ ಹಾಕಿಕೊಂಡಳು.

ಮೊದಲು ಕಾಟಪ್ಪನನ್ನು ಹಿಡಿದೆ. "ನಿನ್ನ ಮೇಕೆ ಬಿಟ್ಟು ಮೇಯಿಸಿದೆಯೇನಯ್ಯ?"

ಅವನು ಮೊರವನ್ನು ಎರಡು ಸಲ ಸುತ್ತಿ ನೋಡಿದ. "ಮೇಕೆ ಸೊಪ್ಪು ಬುಟ್ಟು ಗಜ್ಜರಿ ಆರಿಸ್ಕಂಡು ತಿಂತದಾ ಮೇಷ್ಟ್ರೇ? ಬಟ್ಲು ಸಮೇತ ಅದರ ಜಾಗದಲ್ಲೇ ಅದೆ. ಇದು ನಾಕ್ ಕಾಲಿಂದಲ್ಲ, ಎರಡು ಕಾಲಿಂದು."

"ಹಾಗಾದರೆ ನೀನೇ!"

"ನಾನಾ? ಇಷ್ಟೊರ್ಸ ಬೇರೇರ ಬೇಲಿ ಮುಟ್ದೋನಲ್ಲ ನಾನು. ಮೊಲದ ಬಾಯಿ ಅನ್ನ ಕಸೀತೀನಾ?" ಎಂದು ಹುಲ್ಲಿನ ಹೊರೆ ದೊಪ್ಪನೆ ಎಸೆದು ಹೋದ. ಆಮೇಲೆ ಪಕ್ಕದ ಮನೆ ರೇಣುಕಯ್ಯನವರನ್ನು ಗೋಡೆಯ ಮೇಲಿಂದ ವಿಚಾರಿಸಿಕೊಂಡೆ. ಅವರಿಗೆ ಹಲ್ಲೇ ಇಲ್ಲ, ಗಜ್ಜರಿ ಕಡಿಯುವುದೆಲ್ಲಿ ಬಂತು ಎಂಬುದು ಬೈದಾದ ಮೇಲೆ ಹೊಳೆಯಿತು. ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಸ್ಕೂಲಿಗೆ ಮುಕ್ಕಾಲು ಗಂಟೆ "ಕಳವು ಮತ್ತು ಕಟುಕತನ" ಎಂಬ ವಿಷಯವಾಗಿ ಭಾಷಣ ಬಿಗಿದೆ. ಊರಲ್ಲಿ ನನ್ನಿಂದ ಬೈಸಿಕೊಳ್ಳದವನು ಗುಡಿಯ ಬಸವಣ್ಣ ಒಬ್ಬನೇ.

ಶನಿವಾರ ಅರ್ಧ ದಿನ ಸ್ಕೂಲು. ಮಧ್ಯಾಹ್ನ ಅವ್ವ ಉಂಡು ಒರಗುವ ಹೊತ್ತು. ಮೊರವನ್ನು ಜಗಲಿಯ ಮೇಲಿಟ್ಟು, ಕಳ್ಳನಿಗೆ ಬಿಗಿಯಲು ಕೊಡೆ ಹಿಡಿದು, ಬಚ್ಚಲುಮನೆಯ ಬಾಗಿಲ ಮರೆಯಲ್ಲಿ ಕೂತೆ. ಸೊಳ್ಳೆಗಳು ನನ್ನ ಮೇಲೆ ಹಬ್ಬ ಮಾಡಿದವು. ಅಲುಗಲಿಲ್ಲ. ಅರ್ಧ ಗಂಟೆಯ ಮೇಲೆ ಕಿಟಕಿಯ ಸರಳಿನ ಸಂದಿಯಿಂದ ಒಂದು ಕೈ ಮೆಲ್ಲಗೆ ಇಳಿದು, ಸೊಪ್ಪನ್ನು ಪಕ್ಕಕ್ಕೆ ಸರಿಸಿ, ಗಜ್ಜರಿಯನ್ನು ಹಿಡಿಯಿತು.

"ಸಿಕ್ಕಿದೆಯಾ ಕಳ್ಳಾ!" ಎಂದು ಹಾರಿ ಮಣಿಕಟ್ಟು ಹಿಡಿದೆ. ಹಸಿರು ಬಳೆ ಗಲ್ಲೆಂದಿತು.

ಸರಳಿನಾಚೆ ತಲೆಗೆ ಬಿಗಿದ ಬಟ್ಟೆ, ಗುಳಿ ಬಿದ್ದ ಎರಡು ಕಣ್ಣು. ಮಡಿಲಲ್ಲಿ ಮೊಮ್ಮಗ ಚಪ್ಪರಿಸಿ ಹಾಲು ಕುಡಿಯುತ್ತಿದ್ದ.

"ಮಂಗಳಾ! ನೀನಾ? ಮೊಲದ ಮೇವು ತಿಂತೀಯಾ?"

"ಹಸಿವು ಅಪ್ಪಾಜಿ" ಎಂದಳು. ಆಮೇಲೆ ಅವಳಿಗೂ ಸಿಟ್ಟು ಬಂತು. ಎಷ್ಟೆಂದರೂ ನನ್ನ ಮಗಳು! "ನೀವೇ ಅಲ್ವಾ ದಿನಾ ಬೆಳಗ್ಗೆ ನನ್ನ ಕಿಟಕಿ ಮುಂದೆ ನಿಂತು ಓದ್ತಿದ್ದೋರು? ತಾಯಿ ಹಸಿದರೆ ಮರಿ ಸೊರಗುತ್ತೆ ಅಂತ! ಕೂಸಿಗೆ ಹಾಲಿರಲಿಲ್ಲ. ನಾನು ಕೇಳಿದ್ದು ಒಂದು ಲೋಟ ನೀರು. ನೀವು ಮೊಲಕ್ಕೆ ಇಡಕ್ಕೆ ಹೋದ್ರಿ. ಈ ಮನೇಲಿ ಮೊಲವಾಗಿ ಹುಟ್ಟಿದ್ದರೆ ನಾನು ಕದಿಯೋ ಹಂಗೇ ಇರಲಿಲ್ಲ!"

ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಇಷ್ಟು ಚೆನ್ನಾಗಿ ಪಾಠ ಒಪ್ಪಿಸಿದ ಶಿಷ್ಯರು ನನಗೆ ಸಿಕ್ಕಿಲ್ಲ. ಮೊಲದ ಮರಿಗಳನ್ನು ವಾರವಾರವೂ ತೂಗಿದ್ದೆ, ಮಗಳ ಮುಖವನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

"ಏನ್ಲಾ ಗಲಾಟೆ ನಂದೀಶ? ಕಳ್ಳ ಸಿಕ್ಕುದ್ನಾ?" ಅವ್ವ ಎದ್ದು ಬರುತ್ತಿದ್ದಳು!

"ಅಜ್ಜಿಗೆ ಹೇಳಬೇಡಿ ಅಪ್ಪಾಜಿ. ಕಿಟಕಿಗೆ ಹಲಗೆ ಹೊಡೆಸಿಬಿಡ್ತಾರೆ."

ಅವ್ವನ ತಲೆ ಬಾಗಿಲಲ್ಲಿ ಕಾಣಿಸಿತು. ಮಗಳ ಕೈಯಿಂದ ಗಜ್ಜರಿ ಕಿತ್ತೆ, ಬಾಯಿಗೆ ತುರುಕಿದೆ, ಕರಕರ ಕಡಿದೆ.

"ಹೂಂ ಅವ್ವ, ಸಿಕ್ಕಿದ. ನಾನೇ."

"ನೀನಾ?"

"ಬಾಯಿಚಪಲ ಅವ್ವ. ತಡೆಯಕ್ಕಾಗಲಿಲ್ಲ."

"ಥೂ ನಿನ್ ಮಕಕ್ಕೆ! ಊರೋರ್ನೆಲ್ಲ ಬೈಕಂಡ್ ಬಂದು ನೀನೇ ಮೊಲದ ಮೇವು ತಿಂತೀಯಾ? ಮೇಷ್ಟ್ರಂತೆ ಮೇಷ್ಟ್ರು!" ಎಂದವಳೇ ಸೀದಾ ಗೋಡೆಯ ಹತ್ತಿರ ಹೋಗಿ ರೇಣುಕಯ್ಯನವರನ್ನು ಕೂಗಿದಳು. ಹಲ್ಲಿಲ್ಲದ ಬಾಯಿಯಿಂದ ಸುದ್ದಿ ಇಷ್ಟು ಬೇಗ ಹರಡುತ್ತದೆಂದು ನನಗೆ ಗೊತ್ತಿರಲಿಲ್ಲ. ಸಂಜೆಯೊಳಗೆ ಇಡೀ ಹೊಳವನಹಳ್ಳಿಗೆ ಗೊತ್ತಾಗಿತ್ತು!

ವಸ್ತುಪ್ರದರ್ಶನಕ್ಕೆ ನಾನು ಹೋಗಲಿಲ್ಲ. ಪೇಟವನ್ನು ಮೂಲೆಗೆಸೆಯಲೂ ಇಲ್ಲ. ಎರಡು ಸೌತೆಕಾಯಿ, ಒಂದು ಹಿಡಿ ಕಡಲೆಯನ್ನು ಅವ್ವನ ಕಣ್ಣು ತಪ್ಪಿಸಿ ಕಿಟಕಿಯವರೆಗೆ ಸಾಗಿಸಲು ಅದಕ್ಕಿಂತ ಒಳ್ಳೆಯ ಚೀಲ ಎಲ್ಲಿದೆ? ನೀರಿನ ಚೊಂಬು ಹಿಡಿದು ಹಿಂದೆ ಕಾವಲಿಗೆ ಜಗದಾಂಬ ನಿಲ್ಲುತ್ತಿದ್ದಳು. ಹಾಲುರೊಟ್ಟಿಯ ಬಟ್ಟಲನ್ನು ಮೊದಲಿನಿಂದಲೂ ಕಿಟಕಿಯ ಹತ್ತಿರಕ್ಕೆ ಸರಿಸಿಡುತ್ತಿದ್ದವಳು ಅವಳೇ ಎಂದು ಆಮೇಲೆ ತಿಳಿಯಿತು.

ನಾನು ಸಿಕ್ಕಿಬಿದ್ದ ಸುದ್ದಿ ಹರಡಿದ ಮರುದಿನವೇ, ಮುನಿಸಿಕೊಂಡಿದ್ದ ಕಾಟಪ್ಪ ಬಂದಿದ್ದ. ಹುಲ್ಲಿನ ಹೊರೆ ಇಳಿಸಿದ. ಕಂಬಳಿಯ ಮಡಿಕೆಯಿಂದ ಒಂದು ಕಟ್ಟು ಗಜ್ಜರಿ ತೆಗೆದು, ಮಣ್ಣು ಒರೆಸಿ, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ.

"ಹುಲ್ಲು ಮೊಲಕ್ಕೆ ಬುದ್ಧಿ. ಇದು ತಮಗೇಯಾ. ನಾಚ್ಕಬ್ಯಾಡಿ, ಹಸಿವಾದ್ರೆ ಕೇಳ್ಬುಡಿ, ನಾನ್ ತಂದ್ಕೊಡ್ತೀನಿ. ಅದರ ಬಾಯಿಂದ ಮಾತ್ರ ಕಿತ್ಕಬ್ಯಾಡಿ ಮೇಷ್ಟ್ರೇ. ಬಾಣಂತಿ ಅಲ್ವಾ ಪಾಪ!"