ಭಾವನ ಮಂಗಳವಾರ

ಅಥವಾ ಅದು ಮಂಗಳವಾರವೇ ಆಗಿರಲಿಲ್ಲವೋ ಏನೋ. ನನ್ನ ನೆನಪನ್ನು ನಂಬಿ ಯಾರೂ ಏನನ್ನೂ ಕಟ್ಟಬಾರದು. ಆದರೆ ಆಲಂಕಾರಿನಲ್ಲಿರುವ ನನ್ನ ಭಾವನ ಕಂಪ್ಯೂಟರು ಅದನ್ನು ಮಂಗಳವಾರ ಎನ್ನುತ್ತದೆ. ನಿನ್ನೆಯೂ ಅಂದಿತು, ನಾಳೆಯೂ ಅನ್ನುತ್ತದೆ. ಊರಿಗೆಲ್ಲ ವಾರಕ್ಕೆ ಏಳು ದಿನ. ಭಾವನ ಕೋಣೆಯಲ್ಲಿ ಎರಡು ವರ್ಷದಿಂದ ಒಂದೇ ದಿನ!

ಅಕ್ಕನ ಗಂಟಲಿನ ಆಪರೇಷನ್ ಆದರೆ ಸ್ವರ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಪುತ್ತೂರಿನಲ್ಲಿ ಕಂಪ್ಯೂಟರು ರಿಪೇರಿ ಮಾಡುವ ಭಾವ ಕೂತು ಅಳಬಹುದಿತ್ತು, ಅಳಲಿಲ್ಲ. ಮೂರು ವಾರ ಅಕ್ಕನ ಮುಂದೆ ಮೈಕು ಹಿಡಿದು ಹಳೇ ಪೇಪರು, ಔಷಧದ ಚೀಟಿ, ಮದುವೆ ಕಾಗದ, ಸಿಕ್ಕಿದ್ದನ್ನೆಲ್ಲ ಓದಿಸಿದರು. ಅದರಿಂದ ಒಂದು ಪ್ರೋಗ್ರಾಂ ಮಾಡಿದರು. ಅಕ್ಕ ಟೈಪ್ ಮಾಡಿದರೆ ಲ್ಯಾಪ್‌ಟಾಪು ಅವಳ ಸ್ವರದಲ್ಲಿ ಮಾತಾಡುತ್ತದೆ. ತುಳುವಿನಲ್ಲಿ ಬೈದರೂ ಮದುವೆ ಕಾಗದದ ಗಾಂಭೀರ್ಯದಲ್ಲೇ ಬೈಯುತ್ತದೆ ಎಂಬುದು ಬೇರೆ ಮಾತು.

ಪ್ರೋಗ್ರಾಂ ಭಾವನದ್ದೇ. ಆದರೆ ಅದು ನಿಂತದ್ದು ಯಾರ್ಯಾರೋ ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟ ನೂರಾರು ತುಣುಕುಗಳ ಮೇಲೆ. ಆ ಪುಣ್ಯಾತ್ಮರು ಸುಮ್ಮನಿರುತ್ತಾರೆಯೇ? ತಿದ್ದುತ್ತಲೇ ಇರುತ್ತಾರೆ. ಒಮ್ಮೆ ಭಾವ ಎಲ್ಲವನ್ನೂ ಹೊಸದಾಗಿ ಇಳಿಸಿಕೊಂಡು ಮತ್ತೆ ಕಟ್ಟಿದರು. ಅಕ್ಕ ‘ಚಾ ಆಯ್ತು’ ಎಂದು ಟೈಪ್ ಮಾಡಿದಳು. ಸುಬ್ರಹ್ಮಣ್ಯದ ಬಸ್ಸು ಹೊರಡುತ್ತದೆ ಎಂದು ಸಾರುವಂಥ ಯಾವಳೋ ಹೆಂಗಸು ‘ಚಾ ಆಯ್ತು’ ಎಂದಳು! ಅಕ್ಕ ಕೀಬೋರ್ಡನ್ನು ದೂರ ತಳ್ಳಿದಳು. ಪುಣ್ಯಕ್ಕೆ ಹಳೆಯದು ಲ್ಯಾಪ್‌ಟಾಪಿನಲ್ಲಿ ಅಳಿಸದೆ ಉಳಿದಿತ್ತು. ಭಾವನ ಹುಚ್ಚು ಶುರುವಾದದ್ದು ಅವತ್ತು.

ಆ ಹಳೆಯ ತುಣುಕುಗಳನ್ನು, ತಾವು ಬರೆದದ್ದು, ಅಕ್ಕ ಮೈಕಿಗೆ ಓದಿದ್ದು ಎಲ್ಲದರ ಸಮೇತ, ಒಂದು ಚುಕ್ಕಿಯೂ ಬದಲಾಗದ ಹಾಗೆ, ಮೂರು ಹಾರ್ಡ್ ಡಿಸ್ಕುಗಳಿಗೆ ತುಂಬಿಸಿದರು.

“ಬೇಕಾದಾಗ ಇಳಿಸಿದರೆ ಆಗುದಿಲ್ವಾ ಭಾವ?” ಎಂದೆ.

“ನೀವೆಲ್ಲ ಹಲಸಿನ ಸೊಳೆ ಉಪ್ಪಲ್ಲಿ ಹಾಕಿ ಇಡುದು ಯಾಕೆ? ಆಟಿ ತಿಂಗಳ ಮಳೆಯಲ್ಲಿ ಮರದ ಹತ್ರ ಹೋಗಿ ಕೇಳು, ಕೊಡ್ತದಾ ನೋಡುವ.”

“ಹಾಗಾದ್ರೆ ಕಟ್ಟಿ ಆದ ಪ್ರೋಗ್ರಾಮನ್ನೂ ಅದರಲ್ಲೇ ಇಡಿ.”

“ಸೊಳೆ ಇದ್ರೆ ಪಲ್ಯ ಯಾವಾಗ ಬೇಕಾದ್ರೂ ಆಗ್ತದೆ. ಪಲ್ಯವನ್ನು ಯಾರಾದ್ರೂ ಭರಣಿಯಲ್ಲಿ ಇಡ್ತಾರಾ ಮಾರಾಯ?”

ಈ ಮಾತನ್ನು ನೆನಪಿಡಿ. ಡಿಸ್ಕುಗಳು ಬಿಸ್ಕುಟಿನ ಡಬ್ಬಗಳಿಗೆ ಹೋದವು. ತೇವ ಹೀರುವ ಪೊಟ್ಟಣಕ್ಕಾಗಿ ಭಾವ ಪುತ್ತೂರಿನ ಅಂಗಡಿಯಲ್ಲಿ, “ಶೂ ಬೇಡ, ಪೆಟ್ಟಿಗೆಯ ಒಳಗಿನ ಆ ಸಣ್ಣ ಪೊಟ್ಟಣ ಮಾತ್ರ ಕೊಡಿ” ಎಂದು ಕೈಚಾಚಿದರು. ಒಂದು ಡಬ್ಬ ಅವರಲ್ಲಿ, ಒಂದು ನನ್ನಲ್ಲಿ, ಒಂದು ಮಂಡೆಕೋಲಿನ ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ಫೋನು ಮಾಡಿದರು: “ಎಂತ ಮಾರಾಯ, ನಿನ್ನ ಭಾವ ಬಿಸ್ಕುಟಿನ ಡಬ್ಬದಲ್ಲಿ ಕಬ್ಬಿಣ ಇಟ್ಟು ಹೋದ್ದಾ? ನೆಂಟರ ಎದುರು ಮುಚ್ಚಳ ತೆಗೆದು ಮರ್ಯಾದೆ ಹೋಯ್ತು!”

ಎರಡು ವರ್ಷದ ಹಿಂದೆ ಮೊದಲ ಗುಡುಗಿಗೆ ಊರಿಗೆ ಊರೇ ಪ್ಲಗ್ಗು ತೆಗೆಯಲು ಓಡಿತು. ಭಾವನೂ ಓಡಿದರು. ಓಡಿ ಎತ್ತಿಕೊಂಡದ್ದು ಏನನ್ನು? ಬಿಸ್ಕುಟಿನ ಡಬ್ಬವನ್ನು! ಸಿಡಿಲಿಗೆ ಲ್ಯಾಪ್‌ಟಾಪು ಸುಟ್ಟುಹೋಯಿತು. ಪಲ್ಯ ಇದ್ದದ್ದು ಅದರಲ್ಲಿ ಮಾತ್ರ. ಅಕ್ಕ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಮಾತಾಡತೊಡಗಿದಳು.

ಹೊಸ ಕಂಪ್ಯೂಟರು ತಂದು, ನೆಟ್ಟಿನ ವಯರು ಕಿತ್ತು, ಡಬ್ಬದ ತುಣುಕುಗಳಿಂದಲೇ ಭಾವ ಪ್ರೋಗ್ರಾಮನ್ನು ಮತ್ತೆ ಕಟ್ಟಿದರು. ಹೀಗೆ ಕಟ್ಟಿದ್ದಕ್ಕೆ ಒಂದು ಬೆರಳಚ್ಚು ಇರುತ್ತದಂತೆ: ಅರುವತ್ತನಾಲ್ಕು ಅಕ್ಷರ, ಅಂಕಿಗಳ ಒಂದು ಸಾಲು. ಒಳಗೆ ಒಂದು ಕಾಳು ಬದಲಾದರೂ ಇಡೀ ಸಾಲೇ ಬೇರೆ. ಹಳೆಯ ಸಾಲನ್ನು ಭಾವ ಅಡುಗೆಮನೆಯ ಗೋಡೆಯಲ್ಲಿ ಬರೆದಿಟ್ಟಿದ್ದರು. ಅವರು ಹೊಸದನ್ನು ಓದುವುದು, ಅಕ್ಕ ಗೋಡೆ ನೋಡಿ ಬಟ್ಟಲಿಗೆ ಚಮಚದಿಂದ ಹೊಡೆಯುವುದು. ಸರಿಯಾದರೆ ಒಂದು ಪೆಟ್ಟು, ತಪ್ಪಾದರೆ ಎರಡು.

ಮೊದಲ ಅಕ್ಷರಕ್ಕೇ ಎರಡು ಪೆಟ್ಟು. ಮತ್ತೆ ಕಟ್ಟಿದರು, ಎರಡು ಪೆಟ್ಟು. ಹೀಗೆ ನಾಲ್ಕು ದಿನ.

“ಕೇಳುವಾಗ ಅದೇ ಸ್ವರ ಅಲ್ವಾ ಭಾವ? ಸಾಕು ಬಿಡಿ.”

“ಅದೇ ಅಂತ ನೀನು ಹೇಳುದು. ನಿನ್ನ ಕಿವಿಯ ಬೆರಳಚ್ಚು ಎಲ್ಲಿ ಉಂಟು?” ಎಂದು ರೇಗಿದರು. ಆಮೇಲೆ ಮೆಲ್ಲಗೆ, “ಎರಡನೇ ಸಲವೂ ಕಳ್ಕೊಂಡೆ ಮಾರಾಯ” ಎಂದರು. ನಾನು ನಗಿಸಲು ಹೋಗಲಿಲ್ಲ.

ಐದನೇ ದಿನ ಕಳ್ಳ ಸಿಕ್ಕಿಬಿದ್ದ. ಪ್ರೋಗ್ರಾಂ ತನ್ನನ್ನು ಕಟ್ಟಿದ ದಿನ, ಗಳಿಗೆಯನ್ನು ಹೊಟ್ಟೆಯೊಳಗೆ ಬರೆದುಕೊಳ್ಳುತ್ತಿತ್ತು! ಎಲ್ಲ ಅದೇ, ದಿನ ಮಾತ್ರ ಬೇರೆ. ಭಾವ ಕಂಪ್ಯೂಟರಿನ ಗಡಿಯಾರವನ್ನು ಮೊದಲ ಸಲ ಕಟ್ಟಿದ ದಿನಕ್ಕೆ, ಗೋಡೆಯ ಸಾಲಿನ ಪಕ್ಕ ಗುರುತು ಹಾಕಿಟ್ಟಿದ್ದ ಅದೇ ಗಳಿಗೆಗೆ ತಿರುಗಿಸಿ ನಿಲ್ಲಿಸಿದರು. ಅಕ್ಕ ಅರುವತ್ತನಾಲ್ಕು ಸಲ ಒಂದೊಂದೇ ಪೆಟ್ಟು ಹೊಡೆದಳು. ಅಂದಿನಿಂದ ಆ ಕೋಣೆಯಲ್ಲಿ ಮಂಗಳವಾರ. ದಿನ ತಪ್ಪಿದ ಕಂಪ್ಯೂಟರಿನಲ್ಲಿ ವೆಬ್‌ಸೈಟುಗಳೂ ತೆರೆಯುವುದಿಲ್ಲ. ಭಾವನಿಗೆ ಬೇಕಾಗಿಯೂ ಇಲ್ಲ.

“ಅದು ಯಾವ ಮಂಗಳವಾರ ಭಾವ?” ಎಂದು ನಾನು ಕೇಳಿದ್ದು ಮೊನ್ನೆ.

“ಆಪರೇಷನ್ನಿನ ಹಿಂದಿನ ದಿನ. ಅವಳೂ ಇದೂ ಒಟ್ಟಿಗೆ ಮಾತಾಡಿದ್ದು ಅದೊಂದೇ ದಿನ.”

ಹೌದು, ನಾನೂ ಅಲ್ಲಿದ್ದೆ. ಎರಡನ್ನೂ ಹೋಲಿಸಿ ನೋಡಲು ಆಗುತ್ತಿದ್ದದ್ದು ಅವತ್ತು ಮಾತ್ರ. ಯಂತ್ರ ಏನೋ ಅಂದಿತು, ಅಕ್ಕ ತನ್ನ ಗಂಟಲಿನಿಂದ ಉತ್ತರ ಕೊಟ್ಟಳು. “ಹೌದು, ಇದು ನಾನೇ” ಎಂದಳಂತೆ. ಭಾವ ಆಣೆ ಹಾಕುತ್ತಾರೆ. ನನಗೆ ನೆನಪಿರುವುದು ಅವಳು ನಕ್ಕು, “ಇದು ಯಾರು ಮಾರಾಯ್ರೆ?” ಎಂದದ್ದು.

ಅಕ್ಕನನ್ನೇ ಕೇಳಿದೆ. ಅವಳು ಟೈಪ್ ಮಾಡಿದಳು, ಸ್ವರ ಹೇಳಿತು: “ನನ್ನ ಸ್ವರವನ್ನು ನಾನು ಹೊರಗಿಂದ ಕೇಳಿದ್ದು ಯಾವಾಗ? ಊಟಕ್ಕೆ ಬನ್ನಿ ಇಬ್ಬರೂ.”

ಭಾವ ಥಟ್ಟನೆ ಎದ್ದರು, ಹೆಂಡತಿ ಕರೆದಾಗ ಏಳುವ ಹಾಗೆಯೇ.

ಆ ದಿನದ ಸ್ವರ, ಇವತ್ತಿನ ಸ್ವರ ಎರಡೂ ಒಂದೇ ಎಂಬುದಕ್ಕೆ ಗೋಡೆಯ ಮೇಲೆ ಸಾಕ್ಷಿ ಉಂಟು. ಆ ದಿನದ್ದು ಅಕ್ಕನದ್ದಾಗಿತ್ತೇ? ನನಗೆ ಗೊತ್ತಿಲ್ಲ.