ಐದನೇ ‘ಯಾಕೆ’

ನಾನು ಓದಿದ್ದು ಏಳನೇ ಕ್ಲಾಸು. ಅದೂ ಪೂರ್ತಿ ಅಲ್ಲ. ಆದರೆ ಶಿಡ್ಲಘಟ್ಟದ ನಮ್ಮ ರೇಷ್ಮೆ ನೂಲಿನ ಕಾರ್ಖಾನೆಯ ಬಾಯ್ಲರ್ ನನ್ನ ಮಾತು ಕೇಳಿದಷ್ಟು ನನ್ನ ಹೆಂಡತಿಯೂ ಕೇಳಿದ್ದಿಲ್ಲ. ಸ್ಟೀಮ್ ಎಂದರೆ ನಾರಾಯಣಪ್ಪ, ನಾರಾಯಣಪ್ಪ ಎಂದರೆ ಸ್ಟೀಮ್! ಇಂತಹ ನನಗೆ ಕೆಲಸ ಕಲಿಸಲು ಬೆಂಗಳೂರಿನಿಂದ ಕಾವ್ಯ ಮೇಡಂ ಬಂದರು.

“ಒಂದು ಚೂರೂ ದಂಡ ಮಾಡ್ದೆ ಕೆಲ್ಸ ಮಾಡೋ ಪದ್ಧತಿ ಇದು. ಹೆಸ್ರು ಲೀನ್. ಲೀನ್ ಅಂದ್ರೆ ತೆಳ್ಳಗೆ ಅಂತ” ಎಂದರು ಮೇಡಂ.

ಎಲ್ಲರೂ ಒಟ್ಟಿಗೇ ನನ್ನ ಹೊಟ್ಟೆ ನೋಡಿದರು.

“ಏನಾದ್ರೂ ಕೆಟ್ರೆ ‘ಯಾರು’ ಅಂತ ಕೇಳ್ಬಾರ್ದು. ‘ಯಾಕೆ’ ಅಂತ ಐದು ಸಲ ಕೇಳ್ಬೇಕು. ಐದನೇದಕ್ಕೆ ಬೇರು ಸಿಗುತ್ತೆ.”

“ಯಾರು ಅಂತ ಗೊತ್ತಾಗ್ದೆ ಬೈಯೋದು ಯಾರ್ನ ಮೇಡಂ?” ಎಂದೆ. ಮೇಡಂ ನಕ್ಕು, ಬೇರು ಹುಡುಕುವ ಪಡೆಗೆ ನನ್ನನ್ನೇ ನಾಯಕನನ್ನಾಗಿ ಮಾಡಿಬಿಟ್ಟರು. ಗೆದ್ದರೆ, ಕೆಲಸ ಮುಂಚೆ ಹೇಗಿತ್ತು, ಸರಿಯಾದ ಮೇಲೆ ಹೇಗಾಯಿತು ಎಂದು ತೋರಿಸುವ ಗೇಟಿನ ಬಳಿಯ ಬೋರ್ಡಿನಲ್ಲಿ ನಾಯಕನ ಫೋಟೋ!

ಈ ಫೋಟೋ ನನಗೆ ಬೇಕೇ ಬೇಕಾಗಿತ್ತು. ಚಿಂತಾಮಣಿಯ ನಮ್ಮ ಮಾವನ ಮನೆಯ ಷೋಕೇಸಿನಲ್ಲಿ ದೊಡ್ಡಳಿಯ ಶಾಲು ಹೊದ್ದುಕೊಂಡು ಕುಳಿತಿದ್ದಾನೆ. ಕಚೇರಿಯ ಗುಮಾಸ್ತ. ಪಕ್ಕದ ಜಾಗ ಖಾಲಿ. ಅಲ್ಲಿ ಒಂದು ಪಿಂಗಾಣಿ ನಾಯಿ ಇದೆ.

“ಆ ನಾಯೀನ ಎಬ್ಬಿಸ್ರೀ ಸಾಕು” ಎಂದಳು ಹೆಂಡತಿ ರತ್ನ.

ರಾತ್ರಿ ಊಟಕ್ಕೆ ಕುಳಿತಾಗ ಅವಳ ಮೇಲೆಯೇ ಅಭ್ಯಾಸ ಶುರು ಮಾಡಿದೆ. “ಸಾರಿಗೆ ಉಪ್ಪು ಯಾಕೆ ಕಮ್ಮಿ ಆಯ್ತು?”

“ಮರ್ತೆ.”

“ಯಾಕೆ ಮರ್ತೆ?”

ಎರಡನೇ ‘ಯಾಕೆ’ಗೇ ತಟ್ಟೆ ಒಳಗೆ ಹೋಯಿತು.

ನಮಗೆ ಸಿಕ್ಕ ಸಮಸ್ಯೆ ಹಳೆಯದು. ದಿನಾ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಶಮೀಮಕ್ಕನ ಮಿಷಿನ್ನಿನಲ್ಲಿ ನೂಲು ಪಟಪಟ ಕಡಿಯುತ್ತಿತ್ತು. ಕಾರಣ ನನಗೆ ಮೊದಲೇ ಗೊತ್ತಿತ್ತು: ಶಮೀಮಕ್ಕನ ಬಾಯಿ! ಆ ಬಾಯಿ ಆಡುತ್ತಿದ್ದರೆ ರೇಷ್ಮೆ ಏನು, ಬಾವಿ ಹಗ್ಗವೇ ಕಡಿಯಬೇಕು. ಐದು ಯಾಕೆ ಬರೀ ಶಾಸ್ತ್ರಕ್ಕೆ ಎಂದುಕೊಂಡು, ಮೀಸೆಗೆ ಕರಿ ಬಣ್ಣ ಹಚ್ಚಿ, ಇಸ್ತ್ರಿ ಶರ್ಟು ತೊಟ್ಟು ಹೊರಟೆ.

ಸರಿಯಾಗಿ ನೂಲು ಕಡಿಯುವ ಹೊತ್ತಿಗೆ ಮೇಡಂ, ಶಮೀಮಕ್ಕ, ನಾನು ಮಿಷಿನ್ನಿನ ಮುಂದೆ ನಿಂತೆವು.

“ನೂಲು ಯಾಕೆ ಕಡೀತೈತೆ?” ನಾನು ಗಂಭೀರವಾಗಿ ಕೇಳಿದೆ.

“ಗೂಡು ಮೆತ್ತಗಾಗಿಲ್ಲ ಅಣ್ಣ” ಎಂದಳು ಶಮೀಮಕ್ಕ.

“ಯಾಕೆ ಮೆತ್ತಗಾಗಿಲ್ಲ?”

“ಗೂಡು ಬೇಯೋ ತೊಟ್ಟಿ ನೀರು ಆರೈತೆ. ಬೇಕಾದ್ರೆ ಕೈ ಇಟ್ನೋಡು.”

ಇಟ್ಟೆ. ಮಗುವಿಗೆ ಸ್ನಾನ ಮಾಡಿಸಬಹುದಿತ್ತು.

“ಯಾಕೆ ಆರೈತೆ?” ನನ್ನ ದನಿ ಸ್ವಲ್ಪ ತಗ್ಗಿತು.

“ಸ್ಟೀಮ್ ಸಾಲ್ದು.”

ಸ್ಟೀಮ್! ನನ್ನ ಬುಡಕ್ಕೇ ಬಂತಲ್ಲ! ಮೇಡಂ ಅವರನ್ನು ಕರೆದುಕೊಂಡು ಹೋಗಿ ಬಾಯ್ಲರಿನ ಮುಳ್ಳು ತೋರಿಸಿದೆ. “ನೋಡಿ ಮೇಡಂ, ನನ್ ಬಾಯ್ಲರ್ ಚಿನ್ನ!”

“ಹೌದಲ್ಲ. ಇಲ್ಲಿ ಸರಿಯಾಗಿದೆ, ಅಲ್ಲಿ ಸಾಲ್ದು. ಯಾಕೆ?” ನಾಲ್ಕನೆಯದನ್ನು ಮೇಡಮ್ಮೇ ಕೇಳಿಬಿಟ್ಟರು. ಕೇಳಿ ಸುಮ್ಮನಿರದೆ ಪೈಪಿನ ಜಾಡು ಹಿಡಿದು ನಡೆದರು. ಹಿಂದೆಯೇ ಶಮೀಮಕ್ಕನೂ ಬಂದಳು.

ಗೋಡೆಯ ಹಿಂದಕ್ಕೆ ಪೈಪು ತಿರುಗುವ ಜಾಗ ಹತ್ತಿರವಾದಂತೆ ನನಗೆ ಏನೋ ನೆನಪಾಯಿತು.

“ಮೇಡಂ, ನಾಲ್ಕು ಯಾಕೆ ಸಾಕು. ಐದನೇದು ಊಟ ಆದ್ಮೇಲೆ ಕೇಳಣ!”

“ಬನ್ನಿ ಬನ್ನಿ, ನೀವೇ ಲೀಡರು.”

ಗೋಡೆಯ ಹಿಂದೆ ಪೈಪಿನ ಒಂದು ಸಣ್ಣ ನಲ್ಲಿ ತೆರೆದಿತ್ತು. ಅದರಿಂದ ಹೊರಟ ಸ್ಟೀಮೆಲ್ಲ ಬುಸ್ ಎಂದು ಒಂದು ಬಕೆಟ್ಟಿಗೆ ನುಗ್ಗುತ್ತಿತ್ತು. ಬಕೆಟ್ಟಿನೊಳಗೆ ಒಂದು ಊಟದ ಕ್ಯಾರಿಯರ್ ಮಹಾರಾಜನಂತೆ ಕುಳಿತು ಹಬೆಸ್ನಾನ ಮಾಡುತ್ತಿತ್ತು.

“ಈ ನಲ್ಲಿ ಯಾಕೆ ತೆಗ್ದಿದೆ?” ಎಂದರು ಮೇಡಂ.

ಐದನೇ ‘ಯಾಕೆ’!

“ಯಾರು ಅಂತ ಕೇಳ್ಬಾರ್ದು ಮೇಡಂ!” ನಾನು ಕೂಗಿದೆ. “ನೀವೇ ಹೇಳಿದ್ದು! ರೂಲ್ಸ್ ರೂಲ್ಸೇ!”

“ಕೇಳೋದ್ಯಾಕಣ್ಣ? ಗೂಡಿನ ನಾತ ದಾಟ್ಕೊಂಡು ಹುರುಳಿಕಾಳು ಸಾರು ಘಮ್ ಅಂತೈತೆ” ಎಂದಳು ಶಮೀಮಕ್ಕ.

ಮೇಡಂ ಬಗ್ಗಿ, ಕ್ಯಾರಿಯರಿನ ಮೇಲೆ ಕೆತ್ತಿಸಿದ್ದನ್ನು ಗಟ್ಟಿಯಾಗಿ ಓದಿದರು: “ಅಳಿಯ ನಾರಾಯಣಪ್ಪನಿಗೆ ಮಾವನವರ ಪ್ರೀತಿಯ ಕಾಣಿಕೆ.”



“ಇಷ್ಟು ದಿನ ನನ್ ಬಾಯಿ ಅಂತಿದ್ದಲ್ಲಣ್ಣ. ಕಡಿಸ್ತಿದ್ದಿದ್ದು ನಿನ್ ಬಾಯಿ!” ಶಮೀಮಕ್ಕ ಸೆರಗು ಕಚ್ಚಿಕೊಂಡು ನಕ್ಕಳು. ನಾನು ನಲ್ಲಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ತೊಟ್ಟಿ ಕಾಯಿತು. ನೂಲು ಒಂದೂ ಕಡಿಯಲಿಲ್ಲ. ಒಂದಾದರೂ ಕಡಿಯಬಾರದಿತ್ತೇ!

ಮೇಡಂ ಬೈಯಲಿಲ್ಲ. “ಊಟ ಬಿಸಿ ಬೇಕು ಅನ್ನೋದು ತಪ್ಪಲ್ಲ” ಎಂದವರೇ ಎಲ್ಲರ ಊಟವೂ ಬಿಸಿಯಾಗಲಿ ಎಂದು ಕರೆಂಟಿನ ಒಂದು ತಗಡಿನ ಪೆಟ್ಟಿಗೆ ತರಿಸಿದರು. ಬೋರ್ಡಿಗೆ ಹಾಕಲು ನನ್ನ ಫೋಟೋ ಕೂಡ ಆಗಲೇ ಅಲ್ಲೇ ನಿಲ್ಲಿಸಿ ತೆಗೆದಿದ್ದರು! ಹಬೆಯಲ್ಲಿ ಮೀಸೆಯ ಬಣ್ಣ ಗಲ್ಲದವರೆಗೆ ಇಳಿದಿತ್ತು. ಕೈಯಲ್ಲಿ ಕ್ಯಾರಿಯರ್.

ನಾನು ಮೊಬೈಲಿನಲ್ಲಿ ಹಿಡಿದು ತಂದ ಬೋರ್ಡಿನ ಫೋಟೋವನ್ನು ರತ್ನ ತಕ್ಷಣ ತನ್ನ ಅಪ್ಪನ ಮೊಬೈಲಿಗೆ ಕಳಿಸಿದಳು. ಮಾವ ಕೂಡಲೇ ಫೋನ್ ಮಾಡಿದರು.

“ಏಮಪ್ಪಾ ಅಳಿಯಾ! ಕೆಳಗೆ ‘ಮೊದಲು’ ಅಂತ ಬರ್ದವ್ರೆ! ಫಸ್ಟ್ ಬಂದ್ಬಿಟ್ಟಾ? ಕೈಲಿ ನಾನ್ ಕೊಟ್ಟ ಕ್ಯಾರಿಯರ್ ಬೇರೆ! ದೊಡ್ಡಳಿಯ ಒಂದಿನಾನಾದ್ರೂ ನಾನ್ ಕೊಟ್ಟಿದ್ದು ಹಿಡ್ಕೊಂಡವ್ನಾ?”

ನಾನು ಬಾಯಿ ತೆರೆದೆ. ಷೋಕೇಸಿನ ನಾಯಿ ಕಣ್ಣಿಗೆ ಬಂತು. ಬಾಯಿ ಮುಚ್ಚಿದೆ.

ಫೋನ್ ಇಟ್ಟ ಮೇಲೆ ರತ್ನ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. “ರೀ, ನಿಮ್ ಪಕ್ಕದಲ್ಲಿ ಇನ್ನೊಂದು ಫೋಟೋ ಐತೆ. ಅದರ ಕೆಳಗೆ ‘ಆಮೇಲೆ’ ಅಂತ ಐತೆ. ಅದ್ಯಾರು?”

“ಯಾರು ಅಂತ ಕೇಳ್ಬಾರ್ದು ಕಣೇ” ಎಂದೆ.

ಅದು ತಗಡಿನ ಪೆಟ್ಟಿಗೆ.